ಖುಯೆನ್ ವಾಪಸು ಕಳಿಸಿದ ಗಂಜಿ

ನಮ್ಮ ಸಾ ದೆಕ್ ಊರಿನ ಆಸ್ಪತ್ರೆಯಲ್ಲಿ ಹದಿನೆಂಟು ವರ್ಷ ಗಂಜಿ ಬೇಯಿಸಿದವಳು ನಾನು. ಅದನ್ನು ಒಂದೇ ಬೆಳಿಗ್ಗೆ ಮೂರು ಸಲ ವಾಪಸು ಕಳಿಸಿದವಳು ಖುಯೆನ್ ಒಬ್ಬಳೇ. ಮಕ್ಕಳಿಗೆ ಮಾತಾಡಲು, ನುಂಗಲು ಕಲಿಸಲು ಬಂದ ಹುಡುಗಿ. ನುಂಗುವುದನ್ನೂ ಯಾರಾದರೂ ಕಲಿಸುತ್ತಾರೆಯೇ ಎಂದು ಮೂಗು ಮುರಿದಿದ್ದೆ. ಅವಳು ಚಮಚ ಓರೆ ಮಾಡಿ ತೋರಿಸುತ್ತಿದ್ದಳು: ಗಂಜಿ ಸುರಿಯಬಾರದು, ಮುದ್ದೆಯಾಗಿ ಜಾರಿ ಬೀಳಬೇಕು. ಅವಳ ತಾಯಿ ನಮ್ಮೂರ ಸಂತೆಯಲ್ಲೇ ಗಂಜಿ ಮಾರಿ ಮಗಳನ್ನು ಓದಿಸಿದವರೆಂದು ತಿಳಿದ ಮೇಲೆ ನನ್ನ ಸಿಟ್ಟು ಅರ್ಧ ಇಳಿಯಿತು.

ಉಳಿದರ್ಧ ಇಳಿದದ್ದು ದಿಯೆಪ್ ಬಂದಾಗ. ಹುಟ್ಟುವಾಗ ಮಿದುಳಿಗೆ ಪೆಟ್ಟಾಗಿ ಕತ್ತು ಸರಿಯಾಗಿ ನಿಲ್ಲದ ಮೂರು ವರ್ಷದ ಕೂಸು. ವರ್ಷದಲ್ಲಿ ನಾಲ್ಕು ಸಲ ನ್ಯುಮೋನಿಯಾ. ಇನ್ನೊಮ್ಮೆ ಬಂದರೆ ಬಾಯಿಯ ಊಟ ಬಂದ್, ಹೊಟ್ಟೆಗೇ ನಳಿಗೆ ಎಂದಿದ್ದರು ಡಾಕ್ಟರು. ಅವಳನ್ನು ಸಾಕುತ್ತಿದ್ದ ಅಜ್ಜಿ, ತು ಅಂತ ಹೆಸರು, ಮಡಿಲಲ್ಲಿ ಅಂಗಾತ ಮಲಗಿಸಿ ನೀರುಗಂಜಿ ಹೊಯ್ಯುತ್ತಿದ್ದಳು. ನೀರಾಗಿದ್ದರೆ ಸಲೀಸಾಗಿ ಇಳಿಯುತ್ತದೆಂದು ನಾನೂ ನಂಬಿದ್ದೆ. ಖುಯೆನ್ ಎಷ್ಟು ಹೇಳಿದರೂ ಅಜ್ಜಿ ಕಿವಿಗೆ ಹಾಕಿಕೊಳ್ಳಲಿಲ್ಲ.

"ಏಳು ಮಕ್ಕಳನ್ನ ಸಾಕಿದೀನಿ ಕಣೆ. ನೀನು ಒಂದನ್ನಾದ್ರೂ ಹೆತ್ತಿದೀಯಾ?"

ಖುಯೆನ್ ಮುಖ ಕೆಂಪಾಯಿತು. ಆದರೂ ದನಿ ಏರಿಸದೆ, ಅಜ್ಜಿಯನ್ನು ಒಪ್ಪಿಸಿ ಮಂಚದ ಮೇಲೆ ಹಾಗೆಯೇ ಅಂಗಾತ ಮಲಗಿಸಿ, ಒಂದು ಚಮಚ ನೀರುಗಂಜಿ ಬಾಯಿಗೆ ಬಿಟ್ಟಳು. ನೆತ್ತಿಗೆ ಹತ್ತಿ ಅಜ್ಜಿ ಕೆಮ್ಮುತ್ತಾ ಎದ್ದು ಕೂತಳು.

"ನಿಮಗೆ ಕೆಮ್ಮೋಕೆ ಬಲ ಇದೆ ಅಜ್ಜಿ, ಇವಳಿಗಿಲ್ಲ. ಗಂಜಿ ಸುಮ್ನೆ ಶ್ವಾಸಕೋಶಕ್ಕೆ ಇಳಿಯತ್ತೆ."

ಅಜ್ಜಿ ಕಣ್ಣೊರೆಸಿಕೊಂಡು ಮೊಮ್ಮಗಳನ್ನೇ ನೋಡುತ್ತಾ ಕೂತಳು. ಖುಯೆನ್ ಮಗುವನ್ನು ನೆಟ್ಟಗೆ ಕೂರಿಸಿ, ಗಲ್ಲ ತುಸು ತಗ್ಗಿಸಿ ಹಿಡಿದು, ನನ್ನ ಗಟ್ಟಿ ಗಂಜಿ ಅರ್ಧ ಚಮಚ ಕೊಟ್ಟಳು. ಕೂಡಲೇ ಸ್ಟೆತಸ್ಕೋಪನ್ನು ಮಗುವಿನ ಗಂಟಲಿಗಿಟ್ಟು, ಅಜ್ಜಿಯ ಕಿವಿಗೆ ಸಿಕ್ಕಿಸಿದಳು. ಅಜ್ಜಿ ಉಸಿರು ಬಿಗಿಹಿಡಿದಳು. ಮಗು ನುಂಗಿತು, ಆಮೇಲೂ ಉಸಿರು ಗೊರಗೊರ ಎನ್ನಲಿಲ್ಲ.

"ಇನ್ನೊಂದ್ ಚಮಚ ಕೊಡು ಮಗಳೇ," ಎಂದಳು ಅಜ್ಜಿ. "ಇನ್ನೊಂದ್ ಸಲ ಕೇಳ್ತೀನಿ."

ಆ ಮಳೆಗಾಲವಿಡೀ ದಿಯೆಪ್‌ಗೆ ಜ್ವರ ಬರಲಿಲ್ಲ, ಡಾಕ್ಟರು ನಳಿಗೆಯ ಮಾತೆತ್ತಲಿಲ್ಲ. ಇಪ್ಪತ್ತು ಮಕ್ಕಳು ಇವತ್ತು ನಮ್ಮಲ್ಲಿ ಬಾಯಲ್ಲೇ ಉಣ್ಣುತ್ತಿದ್ದಾರೆ. ಖುಯೆನ್ ನಮ್ಮೂರ ಹುಡುಗಿ ಎಂದು ಕೇಳದವರಿಗೂ ಹೇಳಿಕೊಂಡು ತಿರುಗುತ್ತೇನೆ.

ಮೊನ್ನೆ ದಿಯೆಪ್‌ಳನ್ನು ತೋರಿಸಲು ಬಂದ ಅಜ್ಜಿ ನನ್ನ ಬಟ್ಟಲಿಗೆ ಚಮಚ ಅದ್ದಿ, ಓರೆ ಮಾಡಿ ನೋಡಿ, ಬಟ್ಟಲನ್ನು ನನ್ನ ಕೈಗೇ ತಿರುಗಿ ಕೊಟ್ಟಳು.

"ಸುರೀತಿದೆ ಕಣೆ. ವಾಪಸ್ ತಗೊಂಡ್ಹೋಗು."

ತೆಪ್ಪಗೆ ತಂದು ಮತ್ತೆ ಒಲೆಗಿಟ್ಟೆ. ಅಷ್ಟು ಹೆಮ್ಮೆಯಿಂದ ನಾನು ಯಾವತ್ತೂ ಗಂಜಿ ತಿರುವಿರಲಿಲ್ಲ.