ಇಲ್ಲದ ಟೇಪು, ಶರಣಪ್ಪನವರ ಸೋಮವಾರ

ಗೆಳೆಯರೆ, ಇವತ್ತು ಸಿಂಧನೂರಿನ ಒಂದು ರೈಸ್ ಮಿಲ್ಲಿನಲ್ಲಿ ಒಂದೇ ಒಂದು ಕೀ ಒತ್ತಿಸಲು ಅರ್ಧ ಗಂಟೆ ವಾದ ಮಾಡಿದೆ.

ಅಲ್ಲಿಯ ಹಳೇ ಕಂಪ್ಯೂಟರಿನಲ್ಲಿರುವ ಭತ್ತದ ಲೆಕ್ಕವನ್ನೆಲ್ಲ ಲಿಂಗಸುಗೂರಿನ ಗೋದಾಮಿನ ಕಂಪ್ಯೂಟರಿಗೆ ಸಾಗಿಸಬೇಕಿತ್ತು. ಹಳೇ ಯಂತ್ರಕ್ಕೆ ಕ್ಯಾಸೆಟ್ಟಿನಂಥ ಟೇಪಿನ ಮೇಲೆ ಬರೆಯುವುದೊಂದೇ ಗೊತ್ತು. ಟೇಪುಗಳೋ ಎಂದೋ ಹಾಳಾಗಿವೆ. ನಾನು ಒಂದು ಫೈಲು ಮಾಡಿ, ಅದೇ ಟೇಪು ಎಂದು ಯಂತ್ರವನ್ನು ನಂಬಿಸಿದೆ. ಇದರಲ್ಲಿ ನನ್ನ ಕೈ ಪಳಗಿದೆ.

ಪರದೆಯ ಮೇಲೆ ಪ್ರಶ್ನೆ ಬಂತು: ಟೇಪು ಹಾಕಿದ್ದೀರಾ?

ಆಪರೇಟರ್ ಶರಣಪ್ಪನವರು ಕೀಲಿಮಣೆಯಿಂದ ಕೈ ಹಿಂದಕ್ಕೆ ತೆಗೆದರು.

"ಹೌದು ಅಂತ ಒತ್ರಿ," ಎಂದೆ.

"ಹಾಕಿಲ್ಲಲ್ರೀ ಮೇಡಂ. ಹಾಕಲಾರ್ದ ಹಾಕೀನಂತ ಹ್ಯಾಂಗ ಒತ್ಲಿ? ಅದೂ ಸೋಮವಾರ."

"ಮಶಿನ್ನಿಗೇನ್ ಗೊತ್ತಾಗ್ತೈತ್ರಿ?"

"ಅದಕ್ಕ ಗೊತ್ತಾಗಂಗಿಲ್ರಿ. ಆದ್ರ ನನ್ನ ಹಣಿ ಮ್ಯಾಲ ವಿಭೂತಿ ಐತಿ."

ಕೊನೆಗೆ ನಾನೇ ಒತ್ತಿದೆ. ಒಂದು ಸಾಲೂ ತಪ್ಪದೆ ಲೆಕ್ಕವೆಲ್ಲ ಲಿಂಗಸುಗೂರು ಸೇರಿತು.

ಅಷ್ಟರಲ್ಲಿ ಮಿಲ್ಲಿನ ಸಾಹುಕಾರರ ಫೋನು ಬಂತು. "ಶರಣಪ್ಪ, ಎಲ್ಲಾ ನೀನ ಮಾಡಿದೇನು?"

"ಹೌದ್ರಿ ಸಾಹುಕಾರ್ರ, ನಾನ ಮಾಡೀನ್ರಿ," ಎಂದರು ಶರಣಪ್ಪನವರು, ನನ್ನ ಮುಖವನ್ನೇ ನೋಡುತ್ತ.

ವಿಭೂತಿ ಹಣೆಯ ಮೇಲೆ ಹಾಗೇ ಇತ್ತು.