ನಂಬರಿನ ತುದಿ

“ಎರಡೇ ಮಾತ್ರೆ ತಗೊ ಬೆಟ್ಟವ್ವ, ಬ್ಯಾಡ ಅನ್ನಕಿಲ್ಲ. ಆದ್ರೆ ಪಟ್ಟೀಲಿ ನಂಬರ್ ಇರೋ ತುದಿಗೆ ಕತ್ತರಿ ಆಕು ಅನ್ಬ್ಯಾಡ. ಮಾತ್ರೆ ಉಟ್ಟಿದ ದಿನ, ಸಾಯೋ ದಿನ ಎಲ್ಲಾ ಅಲ್ಲೇ ಅವೆ. ಅದ್ನ ಕತ್ತರಿಸ್ಬುಟ್ರೆ ಉಳಿದವು ಯಾವ ಮನೆತನದವು ಅಂತ ಯಾರ್ನ ಕೇಳಾನ?” ಕೆ.ಆರ್. ಪೇಟೆಯ ಮೆಡಿಕಲ್ ಅಂಗಡಿಯ ಶಿವಶಂಕರ ದಿನಕ್ಕೆ ಹತ್ತು ಸಲವಾದರೂ ಇದನ್ನು ಹೇಳುತ್ತಾನೆ. ಮಂಡಿನೋವಿಗೆ ಒಂದೇ ಮಾತ್ರೆ ಕೊಂಡರೂ ಬಿಲ್ಲಿನಲ್ಲಿ ಆ ನಂಬರು, ಕೊಂಡವರ ಹೆಸರು, ಊರು ಬರೆಯದೆ ಬಿಡುವವನಲ್ಲ. “ಎಲ್ಡು ಮಾತ್ರೆಗೆ ಜಮೀನು ರಿಜಿಸ್ಟ್ರು ಮಾಡ್ದಂಗೆ ಮಾಡ್ತೀಯಲ್ಲಾ ಮಗ!” ಎಂದು ಬೆಟ್ಟಮ್ಮ ರೇಗಿಸಿದರೆ, ನಗುತ್ತ ಅಕ್ಷರವನ್ನು ಇನ್ನೂ ದುಂಡಗೆ ಬರೆಯುತ್ತಾನೆ. ಮೊನ್ನೆ ಕಂಪನಿಯಿಂದ ಫೋನು ಬಂತು: ಒಂದು ನಂಬರಿನ ಮಾತ್ರೆಗಳು ಕೆಟ್ಟಿವೆ, ವಾಪಸು ಕಳಿಸಿ. ಉಳಿದ ಅಂಗಡಿಯವರು ಡಬ್ಬಿ ಕಳಿಸಿ ಸುಮ್ಮನಾದರು. ಶಿವಶಂಕರ ಬಾಗಿಲು ಹಾಕಿ, ಬಿಲ್ಲಿನ ಪುಸ್ತಕ ಹಿಡಿದು ಸ್ಕೂಟರಿನಲ್ಲಿ ಹದಿನೇಳು ಮನೆ ಸುತ್ತಿದ. ಅವನು ಹೋದಾಗ ಬೆಟ್ಟಮ್ಮ ಮಾತ್ರೆ ನುಂಗಲು ನೀರಿನ ಲೋಟ ಎತ್ತಿದ್ದಳು. “ತಡಿಯವ್ವ, ಅದು ಕೆಟ್ಟೋಗದೆ!” ಎಂದು ಅಂಗೈಯಿಂದ ಕಿತ್ತುಕೊಂಡು, ಜೇಬಿನಿಂದ ಬೇರೆ ಪಟ್ಟಿ ತೆಗೆದು, ನಂಬರಿಲ್ಲದ ತುದಿಯಿಂದಲೇ ಎರಡು ಕತ್ತರಿಸಿ, ಹೊಸ ಬಿಲ್ಲು ಬರೆದು ಕೊಟ್ಟ. ಈ ಸಲ ಬೆಟ್ಟಮ್ಮ ಬಿಲ್ಲನ್ನು ಮಡಿಸಿ ಎಲೆಅಡಿಕೆ ಚೀಲದೊಳಗಿಟ್ಟು, ಹಾಲು ಕರೆಯಲು ಕೊಟ್ಟಿಗೆಗೆ ನಡೆದಳು.