ಹೊಂಟೀನಿ ಅಂದ ಮೇಲೂ ಹೊರಡದವರು

ನನಗೆ ಕಾಯುವುದು ಆಗಿಬರುವುದಿಲ್ಲ. ಕುಕ್ಕರಿನ ಕೊನೆಯ ಸೀಟಿಗೆ ಮೊದಲೇ ಒಲೆ ಆರಿಸುತ್ತೇನೆ, ಬಸ್ಸು ನಿಲ್ಲುವ ಮೊದಲೇ ಬಾಗಿಲಿಗೆ ಬಂದು ಕಂಡಕ್ಟರನಿಂದ ಬೈಸಿಕೊಳ್ಳುತ್ತೇನೆ. ಇಂಥವಳ ಹಣೆಯಲ್ಲಿ ಬರೆದ ಕೆಲಸವೆಂದರೆ ಪ್ರೋಗ್ರಾಂಗಳಿಗೆ ಕಾಯುವುದನ್ನು ಕಲಿಸುವುದು.

ರಾಯಚೂರಿನಲ್ಲಿ ನಾವು ನಾಲ್ಕೈದು ಜನ ನಡೆಸುವ ಸಣ್ಣ ಕಂಪನಿ ಇದೆ. ಡಯಾಲಿಸಿಸ್ ಕೇಂದ್ರಗಳಲ್ಲಿ ನೀರು ಶುದ್ಧ ಮಾಡುವ ಘಟಕಗಳಿಗೆ ಸಾಫ್ಟ್‌ವೇರ್ ಬರೆಯುತ್ತೇವೆ. ಅದರಲ್ಲಿ ಬಿಡಿಬಿಡಿ ಭಾಗಗಳಿವೆ. ಒಂದು ಭಾಗ ಸೆನ್ಸರ್‌ನಿಂದ ನೀರಿನ ಶುದ್ಧತೆ ಓದುತ್ತದೆ, ಇನ್ನೊಂದು ಅದನ್ನು ಕೇಳಿಕೊಂಡು ಪಂಪು ಹಚ್ಚುತ್ತದೆ. ಕರೆಂಟು ಹೋಗಿ ಬಂದಾಗ ಎಲ್ಲ ಭಾಗಗಳೂ ಒಟ್ಟಿಗೆ ಏಳುತ್ತವೆ, ಮದುವೆ ಮನೆಯಲ್ಲಿ ಒಂದೇ ಬಚ್ಚಲಿಗಾಗಿ ಎಲ್ಲರೂ ಎದ್ದ ಹಾಗೆ. ಓದುವ ಭಾಗ ಇನ್ನೂ ಕಣ್ಣುಜ್ಜುತ್ತಿರುವಾಗಲೇ ಪಂಪಿನದು ನೀರು ಹೇಗಿದೆ ಎಂದು ಕೇಳಿಬಿಡುತ್ತದೆ. ಉತ್ತರ ಬರದಿದ್ದರೆ ನೀರು ಕೆಟ್ಟಿದೆ ಎಂದುಕೊಂಡು ತನಗೆ ತಾನೇ ಬೀಗ ಹಾಕಿಕೊಳ್ಳುತ್ತದೆ. ಆ ಬೀಗ ತೆಗೆಯಲು ರಾಯಚೂರಿನಿಂದ ನಾವೇ ಹೋಗಬೇಕು, ಅಷ್ಟರಲ್ಲಿ ಆ ದಿನದ ಡಯಾಲಿಸಿಸ್ ಮುಗಿದ ಕಥೆ.

ಬರೀ ಕೆಲಸವಾಗಿದ್ದರೆ ಇಷ್ಟು ಒದ್ದಾಡುತ್ತಿರಲಿಲ್ಲ. ದೇವದುರ್ಗದ ಕೇಂದ್ರದಲ್ಲಿ ಮೂಲೆಯ ಕುರ್ಚಿ ನಮ್ಮ ಅಕ್ಕನದು. ಅವಳು ಅಲ್ಲಿಯ ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಾಳೆ. ಆ ಕೇಂದ್ರ ಆಗುವ ಮೊದಲು ವಾರಕ್ಕೆ ಮೂರು ಸಲ ರಾಯಚೂರಿಗೆ ಬಸ್ಸಿನಲ್ಲಿ ಬಂದು ಹೋಗುತ್ತಿದ್ದಳು. ವಾಪಸು ಹೋಗುವಾಗ ನಡುದಾರಿಯ ಗಬ್ಬೂರು ಬರುವಷ್ಟರಲ್ಲಿ ವಾಂತಿ, ಸುಸ್ತು. ನೌಕರಿ ಬಿಡುತ್ತೇನೆ ಎಂದು ಅರ್ಜಿಯನ್ನೂ ಬರೆದಿಟ್ಟಿದ್ದಳು. ಕೇಂದ್ರ ಶುರುವಾದ ಮೇಲೆ ಅದನ್ನು ಹರಿದು ಮತ್ತೆ ಸೀಮೆಸುಣ್ಣ ಹಿಡಿದಳು.

ಈ ವರ್ಷ ಶಾಲೆ ತೆರೆದ ಮೇಲೂ ಬಿಸಿಲು ಇಳಿಯಲಿಲ್ಲ. ಒಂದು ದಿನ ದೇವದುರ್ಗದಲ್ಲಿ ಗಾಳಿಗೆ ಕರೆಂಟು ಹೋಗಿ ಬಂತು, ಪಂಪು ಬೀಗ ಹಾಕಿಕೊಂಡಿತು. ನಾವು ಎಲ್ಲರೂ ಮಾಡುವುದನ್ನೇ ಮಾಡಿದೆವು. ಪಂಪಿನ ಭಾಗ ಎದ್ದ ಮೇಲೆ ನಲವತ್ತು ಸೆಕೆಂಡು ಸುಮ್ಮನಿದ್ದು ಆಮೇಲೆ ಕೇಳಲಿ ಎಂದು ಬರೆದೆವು. ಮಾನ್ವಿಯ ಕೇಂದ್ರದಲ್ಲಿ ಹಾಕಿ, ಮೇನ್ ಸ್ವಿಚ್ ಎಷ್ಟು ಸಲ ಕೆಡವಿದರೂ ನೀರು ತಪ್ಪದೆ ಬಂತು. ಅದನ್ನೇ ದೇವದುರ್ಗಕ್ಕೆ ಹಾಕಿದರೆ ವಾರದೊಳಗೆ ಮತ್ತೆ ಬೀಗ. ಅಲ್ಲಿಯ ಸೆನ್ಸರ್ ಹಳೆಯದು, ಕೋಣೆಗೆ ತಗಡಿನ ಮಾಡು. ಆ ಕಾವಿಗೆ ಸೆನ್ಸರ್ ಏಳಲು ಒಂದೊಂದು ದಿನ ಒಂದೊಂದಷ್ಟು ಹೊತ್ತು ತೆಗೆದುಕೊಳ್ಳುತ್ತದೆ.

ಕೇಂದ್ರದ ಡಾಕ್ಟರು ಫೋನ್ ಮಾಡಿದರು. “ಇನ್ನೊಂದ್ಸಲ ಹಿಂಗಾದ್ರ ಪೇಶೆಂಟ್ ಎಲ್ಲಾರ್ನೂ ರಾಯಚೂರಿಗೇ ಕಳಸ್ತೀವ್ರಿ. ನಮಗೂ ಬ್ಯಾರೆ ದಾರಿ ಇಲ್ಲ.”

ಆವತ್ತಿನಿಂದ ನನಗೆ ಊಟ ಸೇರಲಿಲ್ಲ. ಜೊತೆಗಾರ, ಎರಡು ನಿಮಿಷ ಕಾಯಿಸೋಣ ಎಂದ. ಮೂರು ಬೇಕಾದ ದಿನ ಏನು ಮಾಡ್ತೀಯ ಎಂದು ಅವನ ಮೇಲೆ ರೇಗಿದೆ. ಓದುವ ಭಾಗವೇ ‘ಶುರುವಾದೆ’ ಎಂದು ಹೇಳಲಿ, ಆಮೇಲೆ ಪಂಪಿನದು ಕೇಳಲಿ ಎಂದು ಬದಲಿಸಿ, ಆಫೀಸಿನಲ್ಲಿ ಹಳೆಯ ಸೆನ್ಸರ್ ಒಂದಕ್ಕೆ ಜೋಡಿಸಿ ನೋಡಿದೆವು. ಆ ಉಪಾಯವೂ ಕೆಟ್ಟಿತು. ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದ ಕೂಡಲೇ, ಒಂದು ಅಂಕಿಯನ್ನೂ ಓದದೆಯೇ, ಓದುವ ಭಾಗ ‘ಶುರುವಾದೆ’ ಅನ್ನುತ್ತಿತ್ತು. ಬರೆದವರು ನಮ್ಮ ಕಡೆಯವರೇ ಅಲ್ಲವೇ. ನಮ್ಮಲ್ಲಿ ಫೋನಿನಲ್ಲಿ ‘ಹೊಂಟೀನಿ’ ಅಂದವರು ಇನ್ನೂ ಟವೆಲ್ ಹುಡುಕುತ್ತಿರುತ್ತಾರೆ, ‘ಬಂದೇಬಿಟ್ಟೆ’ ಅಂದವರು ಚಪ್ಪಲಿ ಹುಡುಕುತ್ತಿರುತ್ತಾರೆ.

ಆ ಸಂಜೆ ಅಕ್ಕನ ಮನೆಗೆ ಹೋಗಬೇಕಿತ್ತು. ಅವಳ ಫೋನ್ ಬಂದಾಗ ನಾನು ಆಫೀಸಿನಲ್ಲೇ ತಲೆ ಕೆರೆದುಕೊಳ್ಳುತ್ತಿದ್ದೆ.

“ಹೊಂಟಿಯೇನಬೇ?”

“ಹೊಂಟೀನಕ್ಕಾ, ಬಸ್ಸಿನ್ಯಾಗ ಅದೀನಿ.”

“ಹೌದಾ? ಕಿಟಕಿ ಹೊರಗ ಏನ್ ಕಾಣಾಕತ್ತದ, ಹೇಳು.”

ಇದು ಅವಳ ಹಳೆಯ ವರಸೆ. ಆಫೀಸಿನ ಕಿಟಕಿಯಲ್ಲಿ ಎದುರು ಮನೆಯ ನೀರಿನ ಟ್ಯಾಂಕು, ಒಣಹಾಕಿದ ಸೀರೆ. “ಟ್ಯಾಂಕು” ಎಂದುಬಿಟ್ಟೆ. ಅವಳು ನಕ್ಕು ಫೋನಿಟ್ಟಳು. ನಾನು ಮಾತ್ರ ಕುರ್ಚಿಯಿಂದ ಎದ್ದು ನಿಂತೆ. ಹೊರಟೆಯಾ ಎಂದು ಯಾಕೆ ಕೇಳಬೇಕು? ಈ ಗಳಿಗೆ ಏನು ಕಾಣುತ್ತಿದೆ ಎಂದು ಕೇಳಿದರೆ ಸಾಕಲ್ಲ! ಪಂಪಿನದು ಆಗತಾನೇ ಓದಿದ ಅಂಕಿ ಕೇಳಲಿ. ಅಂಕಿ ಇಲ್ಲವೆಂದರೆ ಅದು ಕೆಟ್ಟ ನೀರಲ್ಲ, ‘ಇನ್ನೂ ಇಲ್ಲ’ ಅಷ್ಟೆ. ನೀರು ಬಿಡದೆ, ಬೀಗವನ್ನೂ ಹಾಕದೆ ಮತ್ತೆ ಕೇಳುತ್ತಿರಲಿ.

ದೇವದುರ್ಗಕ್ಕೆ ಹೋಗಿ, ರೋಗಿಗಳು ಬರುವ ಮೊದಲು ಹಾಕಿ ಪರೀಕ್ಷಿಸಿದೆ. ಸರಿಯಾಗಿತ್ತು. ಆದರೆ ಮಧ್ಯಾಹ್ನ, ಅಕ್ಕನ ಕೈಗೆ ಸೂಜಿ ಚುಚ್ಚಿ ಅರ್ಧ ತಾಸಾಗಿರಲಿಲ್ಲ, ನಿಜವಾಗಿಯೇ ಕರೆಂಟು ಹೋಯಿತು. ಜನರೇಟರ್ ಹತ್ತಿತು. ಪರದೆಯ ಮೇಲೆ ‘ಇನ್ನೂ ಇಲ್ಲ’. ಮತ್ತೆ ‘ಇನ್ನೂ ಇಲ್ಲ’. ರಕ್ತ ತಿರುಗಿಸುವ ಯಂತ್ರಕ್ಕೆ ಬ್ಯಾಟರಿ ಇದ್ದರೂ ನೀರಿಲ್ಲದೆ ಶುದ್ಧಿ ನಡೆಯುವುದಿಲ್ಲ. ನರ್ಸ್ ನನ್ನ ಮುಖ ನೋಡಿದರು. ನನ್ನ ಕೈ ತಾನಾಗಿಯೇ ರೀಸೆಟ್ ಗುಂಡಿಯ ಕಡೆ ಹೋಯಿತು. ಒತ್ತಿದರೆ ಎಲ್ಲವೂ ಮತ್ತೆ ಮೊದಲಿನಿಂದ ಏಳಬೇಕು.

“ಕೈ ಹಚ್ಚಬ್ಯಾಡ,” ಅಕ್ಕ ಕುರ್ಚಿಯಿಂದಲೇ ಅಂದಳು. “ಸುಮ್ನ ಕುಂದ್ರು.”

ಕೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡು ಕುಳಿತೆ. ನಲವತ್ತು ಸೆಕೆಂಡು ಎಂದೋ ದಾಟಿತ್ತು. ಕೊನೆಗೂ ಅಂಕಿ ಮೂಡಿತು, ಪಂಪು ಗುಂಯ್ ಎಂದಿತು. ಆಗ ಕೈ ಹೊರಗೆ ತೆಗೆದೆ.

ಮರುದಿನ ರಾಯಚೂರಿನಿಂದ ಅವಳಿಗೆ ಫೋನ್ ಮಾಡಿದೆ. ನಾಳೆ ಒಂದು ದಿನ ರಜೆ ಹಾಕಿ ಮಲಗು ಎಂದು ಹೇಳಿ ಬಂದಿದ್ದೆ.

“ಮನ್ಯಾಗ ಅದಿಯೇನಕ್ಕಾ?”

“ಹೂಂ, ಮಲ್ಕೊಂಡೀನಿ.”

“ಕಿಟಕಿ ಹೊರಗ ಏನ್ ಕಾಣಾಕತ್ತದ?”

ಅವಳ ಹಿಂದೆ ಢಣಢಣ ಗಂಟೆ ಹೊಡೆಯಿತು, ಆಮೇಲೆ ಒಂದು ತರಗತಿಯಷ್ಟು ಮಕ್ಕಳು ಒಟ್ಟಿಗೇ “ನಮಸ್ಕಾರ ಟೀಚರ್” ಎಂದು ಕೂಗಿದರು.